ಮರಳುಗಾಡಿನಲ್ಲಿ ಮಕ್ಕಳ ನಡಿಗೆ



ಡಿಸೆಂಬರ್ ತಿಂಗಳ ಒಂದು ಸಂಜೆ ದುಬೈಯಿಂದಲೋ ಮಸ್ಕತ್‌ನಿಂದಲೋ ಮಗನ ಫೋನ್ ಬರುತ್ತದೆ. "ಅಮ್ಮಾ, ಈ ವಾರ ರಜೆ ಇದೆ. ಮಕ್ಕಳನ್ನು ಕರೆದುಕೊಂಡು ಮರಳುಗಾಡಿಗೆ ಹೋಗುತ್ತಿದ್ದೇವೆ. ಸ್ನೇಹಿತನ ಪಿಕಪ್ ಟ್ರಕ್ ಇದೆ. ರಾತ್ರಿ ಅಲ್ಲೇ ಟೆಂಟ್ ಹಾಕಿ ಮಲಗುತ್ತೇವೆ." ಊರಿನಲ್ಲಿರುವ ತಾಯಿಯ ಎದೆ ಧಸಕ್ಕೆನ್ನುತ್ತದೆ. "ಚಿಕ್ಕವನಿಗೆ ಇನ್ನೂ ಮೂರು ವರ್ಷ ತುಂಬಿಲ್ಲ ಮಗಾ, ಅಲ್ಲಿ ನೀರಿಲ್ಲ, ನೆರಳಿಲ್ಲ. ಸುಮ್ಮನೆ ಮನೆಯಲ್ಲಿರಬಾರದೇ?" ಮಗ ನಗುತ್ತಾನೆ. "ಇಲ್ಲಿ ಎಲ್ಲರೂ ಹೋಗುತ್ತಾರಮ್ಮಾ" ಎನ್ನುತ್ತಾನೆ.

ಇವರಿಬ್ಬರಲ್ಲಿ ಯಾರ ಮಾತು ಸರಿ? ಇಬ್ಬರದೂ ಅರ್ಧ ಸರಿ. ಗಲ್ಫ್ ನಾಡುಗಳಲ್ಲಿ ದುಡಿಯುವ ನಮ್ಮ ಕುಟುಂಬಗಳ ಮಕ್ಕಳು ವರ್ಷವಿಡೀ ಫ್ಲಾಟಿನ ನಾಲ್ಕು ಗೋಡೆಗಳ ನಡುವೆ, ಏ.ಸಿ.ಯ ಗಾಳಿಯಲ್ಲಿ ಬೆಳೆಯುತ್ತಾರೆ. ಅವರಿಗೆ ಬಯಲು ಬೇಕು, ಆಕಾಶ ಬೇಕು. ಆದರೆ ಮರಳುಗಾಡು ಉದ್ಯಾನವನವಲ್ಲ. ಅಲ್ಲಿ ದೊಡ್ಡವರು ಮಾಡುವ ಸಣ್ಣ ತಪ್ಪಿಗೆ ಮೊದಲು ಬಲಿಯಾಗುವುದು ಮಕ್ಕಳೇ. ಆದ್ದರಿಂದ ಈ ವಾರ ನಮ್ಮ ಪಾಠ ಇದು: ಎಳೆಯ ಮಕ್ಕಳೊಡನೆ ಮರಳುಗಾಡಿಗೆ ಹೋಗುವುದಾದರೆ ಹೇಗೆ ಹೋಗಬೇಕು?

ಯಕೋಬನ ಮಾತು

ಆದಿಕಾಂಡದ 33ನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಅನೇಕ ವರ್ಷಗಳ ಮೇಲೆ ಯಕೋಬನು ಹೆಂಡಿರು ಮಕ್ಕಳು, ದನಕುರಿಗಳೊಂದಿಗೆ ಸ್ವದೇಶಕ್ಕೆ ಹಿಂದಿರುಗುತ್ತಾನೆ. ಅಣ್ಣ ಏಸಾವನು ನಾನೂರು ಜನರೊಂದಿಗೆ ಎದುರಾಗಿ, ಅಪ್ಪಿಕೊಂಡು, ಜೊತೆಯಲ್ಲೇ ಹೋಗೋಣವೆಂದು ಕರೆಯುತ್ತಾನೆ. ಯಕೋಬನು ವಿನಯದಿಂದ ಒಪ್ಪುವುದಿಲ್ಲ. ಮಕ್ಕಳು ಎಳೆಯರು, ಮಂದೆಯಲ್ಲಿ ಹಾಲೂಡುವ ಪ್ರಾಣಿಗಳಿವೆ, ಒಂದೇ ದಿನ ಅವಸರದಿಂದ ನಡೆಸಿದರೂ ಮಂದೆ ಉಳಿಯಲಾರದು, ಆದ್ದರಿಂದ ನೀವು ಮುಂದೆ ಹೋಗಿ, ನಾನು ಮಕ್ಕಳ ನಡಿಗೆಗೆ ತಕ್ಕಂತೆ ಮೆಲ್ಲಗೆ ಬರುತ್ತೇನೆ ಎಂಬುದು ಅವನ ಉತ್ತರದ ತಾತ್ಪರ್ಯ.

ಇದು ಮೂರು ಸಾವಿರ ವರ್ಷಗಳಿಗೂ ಹಳೆಯ ಪ್ರಯಾಣದ ನಿಯಮ. ವಾಹನಕ್ಕೆ ಎಷ್ಟು ಶಕ್ತಿಯಿದೆ, ಅಪ್ಪನಿಗೆ ಎಷ್ಟು ಧೈರ್ಯವಿದೆ, ಸ್ನೇಹಿತರ ಗುಂಪು ಎಷ್ಟು ದೂರ ಹೋಗುತ್ತದೆ, ಇವು ಯಾವುವೂ ಪ್ರಯಾಣದ ಅಳತೆಗೋಲಲ್ಲ. ಮನೆಯ ಅತ್ಯಂತ ಚಿಕ್ಕ ಮಗು ಎಷ್ಟು ತಾಳಬಲ್ಲದು ಎಂಬುದೇ ಅಳತೆಗೋಲು. ಮುಂದೆ ಹೇಳುವುದೆಲ್ಲವೂ ಈ ಒಂದು ಮಾತಿನ ವಿವರಣೆ ಮಾತ್ರ.

ಎಲ್ಲಿಗೆ, ಯಾವಾಗ?

ಅರಬಿಯಲ್ಲಿ ರುಬ್ ಅಲ್ ಖಾಲಿ ಎನ್ನುವ ಮಹಾ ಮರಳುಗಾಡು ಸೌದಿ ಅರೇಬಿಯಾ, ಒಮಾನ್, ಸಂಯುಕ್ತ ಅರಬ್ ಸಂಸ್ಥಾನ ಮತ್ತು ಯೆಮೆನ್ ದೇಶಗಳಲ್ಲಿ ಸುಮಾರು ಆರೂವರೆ ಲಕ್ಷ ಚದರ ಕಿಲೋಮೀಟರ್ ಹರಡಿದೆ. ನಮ್ಮ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು. ಅದರ ಉತ್ತರದ ಅಂಚಿನಲ್ಲಿ, ಅಬುಧಾಬಿಯ ಕಡೆಗೆ, ಖರ್ಜೂರದ ತೋಟಗಳ ಲಿವಾ ಇದೆ. ಒಮಾನಿನಲ್ಲಿ ಮಸ್ಕತ್‌ನ ದಕ್ಷಿಣಕ್ಕೆ ಶರ್ಕಿಯಾ ಮರಳುಗಾಡು ಇದೆ, ಹಳಬರು ಅದನ್ನು ವಹೀಬಾ ಎನ್ನುತ್ತಾರೆ. ನಮ್ಮವರು ಹೆಚ್ಚಾಗಿ ಹೋಗುವುದು ಇಂಥ ಕಡೆಗಳಿಗೇ.

ಬೇಸಿಗೆಯಲ್ಲಿ ಅಲ್ಲಿಯ ಹಗಲಿನ ಉಷ್ಣತೆ 45 ಡಿಗ್ರಿ ದಾಟುತ್ತದೆ, ಕೆಲವೊಮ್ಮೆ 50ನ್ನು ಮುಟ್ಟುತ್ತದೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳೊಡನೆ ಶಿಬಿರದ ಮಾತೇ ಬೇಡ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹಗಲು ಹಿತವಾಗಿರುತ್ತದೆ. ಆದರೆ ಆಗ ರಾತ್ರಿಯ ಚಳಿ ನಮ್ಮವರನ್ನು ಮೋಸಗೊಳಿಸುತ್ತದೆ. ಹಗಲು 25 ಡಿಗ್ರಿ ಇದ್ದ ಕಡೆ ಜನವರಿಯ ಬೆಳಗಿನ ಜಾವ 10 ಡಿಗ್ರಿಗೂ ಕೆಳಗೆ ಇಳಿಯಬಹುದು. ಕಿವಿ ಮುಚ್ಚುವ ಟೋಪಿ, ಕಾಲುಚೀಲ, ನೆಲದ ಥಂಡಿ ತಡೆಯುವ ದಪ್ಪ ಹಾಸಿಗೆ, ಇವು ಪ್ರತಿ ಮಗುವಿಗೂ ಬೇಕು.

ಮೊದಲ ಬಾರಿಗೆ ಹೋಗುವವರು ಒಂದೇ ರಾತ್ರಿಗೆ ಹೋಗಿ. ಡಾಂಬರು ರಸ್ತೆಯಿಂದ ಒಂದೆರಡು ಕಿಲೋಮೀಟರ್ ಒಳಗೆ, ಮೊಬೈಲ್ ಸಿಗ್ನಲ್ ಸಿಗುವಲ್ಲಿ ಸಾಕು. ಮೂರು ವರ್ಷದ ಮಗುವಿಗೆ ಮೊದಲನೆಯ ಮರಳುದಿಬ್ಬವೇ ಮರಳುಗಾಡು. ಅದಕ್ಕಿಂತ ಆಚೆಗೆ ಹೋಗುವ ಆಸೆ ದೊಡ್ಡವರದು, ಮಗುವಿನದಲ್ಲ. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ಸ್ಥಳ ಸೇರಿರಬೇಕು. ಕತ್ತಲಲ್ಲಿ ಜಾಗ ಹುಡುಕುವುದು, ಹಸಿದ ಮಕ್ಕಳ ಅಳುವಿನ ನಡುವೆ ಟೆಂಟ್ ಕಟ್ಟುವುದು, ಎರಡೂ ಅಪಾಯಕ್ಕೆ ಆಹ್ವಾನ.

ವಾಹನ

ಮರಳಿಗೆ ನಾಲ್ಕು ಚಕ್ರಗಳಿಗೂ ಎಂಜಿನ್ ಶಕ್ತಿ ಸಿಗುವ ವಾಹನವೇ ಬೇಕು. ಮತ್ತು ಒಂದೇ ವಾಹನದಲ್ಲಿ ಹೋಗಲೇಬಾರದು. ಒಂದು ಹೂತುಕೊಂಡರೆ ಎಳೆಯಲು ಇನ್ನೊಂದು ಬೇಕು, ಒಂದು ಕೆಟ್ಟರೆ ಮಕ್ಕಳನ್ನು ಊರು ಸೇರಿಸಲು ಇನ್ನೊಂದು ಬೇಕು. ಎರಡರಲ್ಲಿ ಒಬ್ಬ ಚಾಲಕನಾದರೂ ಮರಳಿನಲ್ಲಿ ಓಡಿಸಿ ಪಳಗಿದವನಾಗಿರಲಿ.

ರಸ್ತೆಯಲ್ಲಿ ಟೈರಿಗೆ ಸುಮಾರು 35 ಪಿ.ಎಸ್.ಐ. ಗಾಳಿ ಇರುತ್ತದೆ. ಮರಳಿಗೆ ಇಳಿಯುವ ಮುನ್ನ ಅದನ್ನು 15ರಿಂದ 18ಕ್ಕೆ ಇಳಿಸುತ್ತಾರೆ. ಏಕೆ? ಮಕ್ಕಳಿಗೆ ಒಂಟೆಯ ಪಾದ ತೋರಿಸಿ ಹೇಳಿ. ಒಂಟೆಯ ಪಾದ ಅಗಲ, ಮೆದು, ನೆಲಕ್ಕೆ ಊರಿದೊಡನೆ ಹರಡಿಕೊಳ್ಳುತ್ತದೆ, ಆದ್ದರಿಂದ ಹೂತುಹೋಗುವುದಿಲ್ಲ. ಗಾಳಿ ಇಳಿಸಿದ ಟೈರೂ ಹಾಗೆಯೇ ಹರಡಿ ಭಾರವನ್ನು ಹಂಚಿಕೊಳ್ಳುತ್ತದೆ. ಹಿಂದಿರುಗಿ ರಸ್ತೆಗೆ ಹತ್ತುವಾಗ ಮತ್ತೆ ಗಾಳಿ ತುಂಬಲೇಬೇಕು. ಗಾಳಿ ಕಡಿಮೆಯಾದ ಟೈರಿನಲ್ಲಿ ಹೆದ್ದಾರಿಯ ವೇಗ ಹಿಡಿದರೆ ಟೈರು ಕಾದು ಒಡೆಯಬಹುದು. ಆದ್ದರಿಂದ ಗಾಳಿ ತುಂಬುವ ಸಣ್ಣ ಕಂಪ್ರೆಸರ್, ಗಾಳಿ ಅಳೆಯುವ ಗೇಜ್, ಸಲಿಕೆ, ಎಳೆಯುವ ಪಟ್ಟಿ ಇಲ್ಲದೆ ಹೊರಡಬೇಡಿ. ವಾಹನ ಎಳೆಯುವಾಗ ಪಟ್ಟಿ ಕಿತ್ತು ಬಂದರೆ ಗುಂಡಿನಂತೆ ಹಾರುತ್ತದೆ. ಆ ಹೊತ್ತಿನಲ್ಲಿ ಮಕ್ಕಳು ದೂರದಲ್ಲಿ, ದೊಡ್ಡವರೊಬ್ಬರ ಕೈ ಹಿಡಿದು ನಿಂತಿರಬೇಕು.

ಮರಳುದಿಬ್ಬವನ್ನು ಅಡ್ಡಲಾಗಿ ಹತ್ತಿದರೆ ವಾಹನ ಉರುಳುತ್ತದೆ. ದಿಬ್ಬದ ಒಂದು ಮಗ್ಗುಲು ಇಳಿಜಾರಾಗಿದ್ದರೆ ಇನ್ನೊಂದು ಮಗ್ಗುಲು ಕಡಿದಾಗಿರುತ್ತದೆ, ತುದಿಗೆ ಬರುವವರೆಗೆ ಕಾಣುವುದಿಲ್ಲ. ಉಪ್ಪಿನ ಬಯಲುಗಳೂ ಇವೆ, ಅರಬಿಯಲ್ಲಿ ಸಬ್ಖಾ ಎನ್ನುತ್ತಾರೆ. ಮೇಲೆ ಗಟ್ಟಿ ಹೊಪ್ಪಳೆ, ಕೆಳಗೆ ಕೆಸರು. ಅಲ್ಲಿ ಹೂತ ಟ್ರಕ್ಕನ್ನು ತೆಗೆಯುವುದು ಬಲು ಕಷ್ಟ. ಮಕ್ಕಳು ಒಳಗಿರುವಾಗ ದಿಬ್ಬ ಹಾರಿಸುವ ಆಟ ಬೇಡ. ಅಂಥ ಆಟದ ಆಸೆ ಇದ್ದವರು ಮಕ್ಕಳನ್ನು ತಾಯಿಯ ಬಳಿ ಬಿಟ್ಟು ಇನ್ನೊಂದು ದಿನ ಹೋಗಲಿ.

ಇನ್ನು ಆಸನದ ವಿಷಯ. "ಮರಳು ತಾನೇ, ಮೆಲ್ಲಗೆ ಹೋಗುತ್ತೇವೆ" ಎಂದು ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವವರನ್ನು ಕಾಣುತ್ತೇವೆ. ವಾಹನ ಉರುಳಿದರೆ ತಾಯಿಯ ಕೈ ಮಗುವನ್ನು ಹಿಡಿದಿಡಲಾರದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2017ರಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಈ ನಿಯಮದ ಉದ್ದೇಶ ದಂಡ ವಸೂಲಿಯಲ್ಲ, ಮಗುವಿನ ಜೀವ. ಪಿಕಪ್ಪಿನ ಹಿಂದಿನ ತೆರೆದ ಭಾಗ ಸಾಮಾನಿಗೆ ಮಾತ್ರ, ಮಕ್ಕಳಿಗೆ ಒಂದು ನಿಮಿಷಕ್ಕೂ ಅಲ್ಲ. ಕುತ್ತಿಗೆ ಇನ್ನೂ ನಿಲ್ಲದ ಹಸುಗೂಸನ್ನು ದಿಬ್ಬಗಳ ಕುಲುಕಾಟಕ್ಕೆ ಕರೆದೊಯ್ಯಲೇಬೇಡಿ.

ನೀರು

ಮಕ್ಕಳ ಮೈ ದೊಡ್ಡವರ ಮೈಗಿಂತ ಬೇಗ ಕಾಯುತ್ತದೆ. ಅವರ ತೂಕಕ್ಕೆ ಹೋಲಿಸಿದರೆ ಬಿಸಿಲಿಗೆ ಒಡ್ಡಿದ ಚರ್ಮ ಹೆಚ್ಚು, ಬೆವರುವುದು ಕಡಿಮೆ. ಜೊತೆಗೆ ಆಟದ ಮೈಮರೆವಿನಲ್ಲಿ ಬಾಯಾರಿಕೆಯನ್ನು ಹೇಳುವುದೇ ಇಲ್ಲ. ಆದ್ದರಿಂದ ಮಗು ಕೇಳಿದಾಗ ಕೊಡುವುದಲ್ಲ, ಅರ್ಧ ಗಂಟೆಗೊಮ್ಮೆ ನಾವೇ ಕರೆದು ಗುಟುಕು ಗುಟುಕಾಗಿ ಕುಡಿಸಬೇಕು.

ಲೆಕ್ಕ ಹೀಗೆ ಹಾಕಿ. ದೊಡ್ಡವರಿಗೆ ದಿನಕ್ಕೆ ಐದು ಲೀಟರ್, ಮಗುವಿಗೆ ಎರಡೂವರೆ ಲೀಟರ್. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳ ಕುಟುಂಬಕ್ಕೆ ದಿನಕ್ಕೆ 15 ಲೀಟರ್ ಆಯಿತು. ಎರಡು ದಿನಕ್ಕೆ 30. ಇದಕ್ಕೆ ಒಂದು ದಿನದ ಆಪತ್ಕಾಲದ ನೀರು ಸೇರಿಸಿ 45. ಅಡುಗೆ, ಕೈಕಾಲು ತೊಳೆಯುವುದು ಬೇರೆ. ಎಲ್ಲವನ್ನೂ ಒಂದೇ ಕ್ಯಾನಿನಲ್ಲಿ ತುಂಬಬೇಡಿ. ಅದು ಒಡೆದರೆ ಎಲ್ಲವೂ ಮರಳಿನ ಪಾಲು. ನಾಲ್ಕಾರು ಕ್ಯಾನುಗಳಲ್ಲಿ ತುಂಬಿ ಎರಡೂ ವಾಹನಗಳಲ್ಲಿ ಹಂಚಿಡಿ.

ತುಟಿ ಒಣಗುವುದು, ಅತ್ತರೂ ಕಣ್ಣೀರು ಬಾರದಿರುವುದು, ಆರು ಗಂಟೆಯಾದರೂ ಮೂತ್ರ ಮಾಡದಿರುವುದು, ಮಂಕಾಗಿ ಮಲಗಿಬಿಡುವುದು, ಇವು ನೀರು ಕಡಿಮೆಯಾದ ಗುರುತುಗಳು. ಆಗ ಓ.ಆರ್.ಎಸ್. ಕೊಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮೈ ಸುಡುತ್ತಾ ಮಗು ಏನೇನೋ ಬಡಬಡಿಸಿದರೆ, ಅಥವಾ ಎಚ್ಚರ ತಪ್ಪಿದರೆ, ಅದು ಬಿಸಿಲಿನ ಹೊಡೆತ. ಬಟ್ಟೆ ಬಿಚ್ಚಿ, ಮೈಗೆಲ್ಲ ನೀರು ಹಚ್ಚಿ, ಗಾಳಿ ಬೀಸುತ್ತಾ ಕೂಡಲೇ ಆಸ್ಪತ್ರೆಯ ಕಡೆ ಹೊರಡಿ. ನಿಲ್ಲಿಸಿದ ವಾಹನದೊಳಗೆ ಮಲಗಿದ ಮಗುವನ್ನು ಐದು ನಿಮಿಷಕ್ಕೆಂದೂ ಬಿಟ್ಟು ಹೋಗಬೇಡಿ.

ಟೆಂಟ್ ಹಾಕುವ ಜಾಗ

ಮರಳುಗಾಡಿನಲ್ಲಿ ನೀರಿಲ್ಲದೆ ಸಾಯುವವರಿದ್ದಾರೆ, ನೀರಿನಲ್ಲಿ ಮುಳುಗಿ ಸಾಯುವವರೂ ಇದ್ದಾರೆ ಎಂದರೆ ನಂಬುವಿರಾ? ಬೆಟ್ಟಗಳ ನಡುವೆ ಅರಬಿಯಲ್ಲಿ ವಾದಿ ಎಂದು ಕರೆಯುವ ಒಣ ಹಳ್ಳಗಳಿರುತ್ತವೆ. ನೆಲ ಸಮತಟ್ಟು, ಮರದ ನೆರಳು, ಗಾಳಿಯಿಂದ ಮರೆ. ಟೆಂಟಿಗೆ ಹೇಳಿ ಮಾಡಿಸಿದ ಜಾಗದಂತೆ ಕಾಣುತ್ತದೆ. ಆದರೆ ದೂರದ ಬೆಟ್ಟದಲ್ಲಿ ಮಳೆ ಬಿದ್ದರೆ, ಇಲ್ಲಿ ಆಕಾಶ ತಿಳಿಯಾಗಿದ್ದರೂ, ಕೆಲವೇ ನಿಮಿಷಗಳಲ್ಲಿ ಪ್ರವಾಹ ನುಗ್ಗಿ ಬರುತ್ತದೆ. ಒಣಗಿ ಗಟ್ಟಿಯಾದ ನೆಲ ನೀರನ್ನು ಹೀರುವುದಿಲ್ಲ.

2024ರ ಏಪ್ರಿಲ್ 14ರಂದು ಒಮಾನಿನ ಸಮದ್ ಅಲ್ ಶಾನ್ ಎಂಬಲ್ಲಿ ಶಾಲಾಮಕ್ಕಳಿದ್ದ ವಾಹನ ಇಂಥ ಪ್ರವಾಹದಲ್ಲಿ ಕೊಚ್ಚಿಹೋಗಿ ಹಲವು ಮಕ್ಕಳು ಪ್ರಾಣ ಕಳೆದುಕೊಂಡರು. ಎರಡು ದಿನಗಳ ಬಳಿಕ ಅಲ್ ಐನ್ ಪ್ರದೇಶದ ಒಂದು ಕಡೆ 24 ಗಂಟೆಯೊಳಗೆ 254 ಮಿಲಿಮೀಟರ್ ಮಳೆ ಬಿತ್ತು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2023ರಿಂದ ತುಂಬಿ ಹರಿಯುವ ಹಳ್ಳಕ್ಕೆ ವಾಹನ ಇಳಿಸಿದವರಿಗೆ 2,000 ದಿರ್ಹಮ್ ದಂಡ, 60 ದಿನ ವಾಹನ ಜಪ್ತಿ. ಹವಾಮಾನದ ಎಚ್ಚರಿಕೆ ಇರುವ ದಿನ ಹೊರಡಲೇಬೇಡಿ. ಹಳ್ಳದ ತಳದಲ್ಲಿ ಯಾವ ದಿನವೂ ಮಲಗಬೇಡಿ. ಮರಳುದಿಬ್ಬಗಳ ನಡುವೆ ಟೆಂಟ್ ಹಾಕುವಾಗಲೂ ದಿಬ್ಬ ಇಳಿದು ಬರುವ ವಾಹನಗಳ ದಾರಿಯಲ್ಲಿ ಹಾಕದೆ, ಎತ್ತರದ ಕೋಲಿಗೆ ದೀಪ ಕಟ್ಟಿ ಗುರುತು ಮಾಡಿ.

ಬೆಂಕಿ ಮತ್ತು ಹುಳಹುಪ್ಪಟೆ

ಮಾಂಸ ಸುಟ್ಟ ಇದ್ದಿಲಿನ ಒಲೆಯನ್ನು ಚಳಿಯೆಂದು ಟೆಂಟಿನೊಳಗೆ ತಂದಿಟ್ಟು ಮಲಗಿದವರು ಬೆಳಗ್ಗೆ ಏಳದೆ ಹೋದ ಸುದ್ದಿಗಳನ್ನು ನಾವು ಓದಿದ್ದೇವೆ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರೆಯಲ್ಲೇ ಕೊಲ್ಲುತ್ತದೆ. ಕಿಟಕಿ ತೆರೆದಿದೆ ಎಂಬ ಸಮಾಧಾನವೂ ಸಾಲದು. ಚಳಿಗೆ ಕಂಬಳಿ ಇರಲಿ, ಕೆಂಡ ಹೊರಗಿರಲಿ. ಕೆಂಡದ ಮೇಲೆ ಮರಳು ಮುಚ್ಚಿ ಹೋಗುವ ಅಭ್ಯಾಸವೂ ತಪ್ಪು. ಮೇಲೆ ತಣ್ಣಗೆ ಕಾಣುವ ಆ ಮರಳಿನ ಅಡಿಯಲ್ಲಿ ಕೆಂಡ ಗಂಟೆಗಟ್ಟಲೆ ಉರಿಯುತ್ತಿರುತ್ತದೆ. ಬರಿಗಾಲಿನ ಮಗು ಅದರ ಮೇಲೆಯೇ ಓಡುತ್ತದೆ. ನೀರು ಹೊಯ್ದು, ಕಲಸಿ, ಕೈಗೆ ತಣ್ಣಗಾಗುವವರೆಗೆ ಆರಿಸಿ.

ಚೇಳು, ಹಾವು ಅಲ್ಲಿಯ ನಿವಾಸಿಗಳು. ಕಣ್ಣಿನ ಮೇಲೆ ಕೊಂಬಿರುವ ಮರಳು ಮಂಡಲದ ಹಾವು ಮರಳಿನಲ್ಲಿ ಹುದುಗಿ ಕುಳಿತಿರುತ್ತದೆ. ಕತ್ತಲಾದ ಮೇಲೆ ಮಕ್ಕಳಿಗೆ ಬೂಟು ಮತ್ತು ಟಾರ್ಚ್ ಕಡ್ಡಾಯ. ಬೆಳಗ್ಗೆ ಬೂಟು ಕೊಡವಿ ಹಾಕಿಕೊಳ್ಳಬೇಕು. ಕಲ್ಲು, ಸೌದೆ ಎತ್ತುವ ಕೆಲಸ ಮಕ್ಕಳಿಗೆ ಬೇಡ. ನೇರಳಾತೀತ ಬೆಳಕಿನ ಸಣ್ಣ ಟಾರ್ಚ್ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಬೆಳಕಿಗೆ ಚೇಳು ಹಸಿರಾಗಿ ಹೊಳೆಯುತ್ತದೆ. ಮಲಗುವ ಮುನ್ನ ಟೆಂಟಿನ ಸುತ್ತ ಅಪ್ಪನೊಡನೆ ಒಂದು ಸುತ್ತು ಹಾಕಿದರೆ ಮಕ್ಕಳಿಗೆ ವಿನೋದವೂ ಆಯಿತು, ಕಾವಲೂ ಆಯಿತು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ನೇರ ಆಸ್ಪತ್ರೆಗೆ ಒಯ್ಯಿರಿ.

ದಾರಿ ತಪ್ಪಿದರೆ

ಮರಳುಗಾಡಿನ ಈ ಪಾಠ ಜಗತ್ತಿನ ಎಲ್ಲ ಮರಳುಗಾಡಿಗೂ ಒಂದೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡೆತ್ ವ್ಯಾಲಿ ಎಂಬ ಸುಡು ಕಣಿವೆಯಿದೆ. 1996ರ ಜುಲೈ ತಿಂಗಳಲ್ಲಿ ಜರ್ಮನಿಯಿಂದ ಬಂದ ಇಬ್ಬರು ದೊಡ್ಡವರು ಮತ್ತು ಇಬ್ಬರು ಗಂಡುಮಕ್ಕಳು ಬಾಡಿಗೆಯ ವ್ಯಾನಿನಲ್ಲಿ ಅಲ್ಲಿಗೆ ಹೋದರು. ಅದು ಕಾಡುದಾರಿಗೆ ತಕ್ಕ ವಾಹನವಾಗಿರಲಿಲ್ಲ. ಅಕ್ಟೋಬರ್‌ನಲ್ಲಿ ಒಂದು ನಿರ್ಜನ ಕೊರಕಲಿನಲ್ಲಿ ವ್ಯಾನ್ ಸಿಕ್ಕಿತು, ಟೈರುಗಳ ಗಾಳಿ ಹೋಗಿತ್ತು. ಒಳಗೆ ಯಾರೂ ಇರಲಿಲ್ಲ. 13 ವರ್ಷಗಳ ಬಳಿಕ, 2009ರಲ್ಲಿ, ಹಲವು ಕಿಲೋಮೀಟರ್ ದೂರದಲ್ಲಿ ಆ ಇಬ್ಬರು ದೊಡ್ಡವರದೆಂದು ನಂಬಲಾದ ಮೂಳೆಗಳು ಸಿಕ್ಕಿದವು. ಅವರು ವಾಹನ ಬಿಟ್ಟು ನಡೆದಿದ್ದರು. ಸಹಾಯ ಹತ್ತಿರವೇ ಇದೆಯೆಂದು ಅವರು ನಂಬಿರಬೇಕು.

ಈ ದುರಂತ ನಮಗೆ ಮೂರು ಮಾತು ಕಲಿಸುತ್ತದೆ. ಮೊದಲನೆಯದು, ವಾಹನ ಬಿಟ್ಟು ನಡೆಯಬೇಡಿ. ಆಕಾಶದಿಂದ ನೋಡುವವರಿಗೆ ವಾಹನ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಅದರ ನೆರಳೂ ನಿಮ್ಮ ನೀರೂ ಅಲ್ಲೇ ಇವೆ. ಎರಡನೆಯದು, ಹೊರಡುವ ಮುನ್ನ ಊರಿನಲ್ಲಿ ಉಳಿಯುವ ಒಬ್ಬರಿಗೆ ಚೀಟಿ ಬರೆದುಕೊಡಿ: ಎಲ್ಲಿಗೆ, ಯಾವ ದಾರಿಯಲ್ಲಿ, ಎಷ್ಟು ಜನ, ಎಷ್ಟು ಹೊತ್ತಿಗೆ ಹಿಂದಿರುಗುತ್ತೇವೆ. ಆ ಹೊತ್ತು ಮೀರಿದರೆ ಅವರು ಪೊಲೀಸರಿಗೆ ಫೋನ್ ಮಾಡಬೇಕು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 999, ಒಮಾನಿನಲ್ಲಿ 9999. ಮೂರನೆಯದು ಮಕ್ಕಳಿಗೆ. ಪ್ರತಿ ಮಗುವಿನ ಕೊರಳಿಗೂ ಒಂದು ಸೀಟಿ ಕಟ್ಟಿ. "ಟೆಂಟ್ ಕಾಣದಷ್ಟು ದೂರ ಹೋಗಬಾರದು ಪುಟ್ಟಾ. ಕಾಣದೆ ಹೋದರೆ ಅಲ್ಲೇ ಕೂತುಕೋ, ಮೂರು ಸಲ ಸೀಟಿ ಊದು. ಅಪ್ಪ ಬರುತ್ತಾರೆ" ಎಂದು ಮನೆಯಲ್ಲೇ ಆಟವಾಗಿ ಅಭ್ಯಾಸ ಮಾಡಿಸಿ.

ಇಷ್ಟೆಲ್ಲ ಕಷ್ಟಪಟ್ಟು ಹೋಗುವುದೇಕೆ?

ಇಷ್ಟು ಓದಿದ ಅಜ್ಜಿ "ನೋಡಿದಿರಾ, ಹೋಗುವುದೇ ಬೇಡ" ಎಂದಾರು. ಇಲ್ಲ ಅಜ್ಜಿ, ಹೋಗಲಿ. ದೀಪಗಳಿಲ್ಲದ ಬಯಲಿನಲ್ಲಿ ಮಗು ಮೊದಲ ಬಾರಿಗೆ ನಕ್ಷತ್ರಗಳನ್ನು ಕಾಣುತ್ತದೆ. ಡಿಸೆಂಬರ್ ಮಧ್ಯದ ರಾತ್ರಿಗಳಲ್ಲಿ ಜೆಮಿನಿಡ್ ಉಲ್ಕೆಗಳು ಒಂದರ ಹಿಂದೊಂದು ಜಾರುತ್ತವೆ. ಬೆಳಗ್ಗೆ ಮರಳಿನ ಮೇಲೆ ಜೀರುಂಡೆ, ನರಿ, ಓತಿಕ್ಯಾತಗಳ ಹೆಜ್ಜೆ ಗುರುತುಗಳು ಬರೆದಿಟ್ಟ ಪಾಠದಂತೆ ಕಾಣುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ವಾರವಿಡೀ ಡ್ಯೂಟಿಯಲ್ಲಿ ಕಳೆದುಹೋಗುವ ಅಪ್ಪ ಒಂದು ರಾತ್ರಿ ಪೂರ್ತಿ ಮಗುವಿನ ಪಕ್ಕದಲ್ಲಿರುತ್ತಾನೆ.

ಅಲ್ಲಿ ಗಾಫ್ ಎಂಬ ಮರವಿದೆ. ಸಂಯುಕ್ತ ಅರಬ್ ಸಂಸ್ಥಾನದ ರಾಷ್ಟ್ರೀಯ ವೃಕ್ಷ ಅದೇ. 2019ನ್ನು ಆ ದೇಶ ಸಹಿಷ್ಣುತೆಯ ವರ್ಷವೆಂದು ಆಚರಿಸಿದಾಗ ಅದರ ಲಾಂಛನವೂ ಇದೇ ಮರವಾಗಿತ್ತು. ಅದು ಬೇರೆ ಯಾವುದೂ ಅಲ್ಲ, ನಮ್ಮೂರಿನಲ್ಲಿ ಬನ್ನಿ ಎನ್ನುವ ಮರ. ಬೇರು ಆಳಕ್ಕೆ ಇಳಿಸಿ, ನೀರಿಲ್ಲದ ನೆಲದಲ್ಲೂ ಹಸಿರಾಗಿ ನಿಲ್ಲುತ್ತದೆ. "ಇದು ನಮ್ಮೂರಿನ ಮರ ಕಣೋ" ಎಂದು ಮಗುವಿಗೆ ತೋರಿಸಿ. ಅದರ ಕೊಂಬೆ ಮುರಿಯಬೇಡಿ, ಸೌದೆ ಮನೆಯಿಂದಲೇ ಒಯ್ಯಿರಿ. ಬಿಟ್ಟುಬಂದ ಪ್ಲಾಸ್ಟಿಕ್ ತಿಂದು, ಅದು ಹೊಟ್ಟೆಯಲ್ಲಿ ಗಂಟುಕಟ್ಟಿ ಅಲ್ಲಿ ಒಂಟೆಗಳು ಸಾಯುತ್ತಿವೆ. ಕೊನೆಯ ಚೀಲವನ್ನೂ ಆರಿಸಿ ತರುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ. ಸೃಷ್ಟಿಯನ್ನು ಗೌರವಿಸುವ ಪಾಠ ಮಾತಿನಿಂದ ಬರುವುದಿಲ್ಲ.

ಹಿಂದಿರುಗುವ ಧೈರ್ಯ

ಕೊನೆಯ ಮಾತು. ಅರ್ಧ ದಾರಿಯಲ್ಲಿ ಮಗುವಿಗೆ ವಾಂತಿಯಾಯಿತು, ಗಾಳಿ ಎದ್ದು ಮರಳು ಹಾರತೊಡಗಿತು, ಜೊತೆಯ ವಾಹನ ಬರಲಿಲ್ಲ. ಆಗ "ಇಷ್ಟು ದೂರ ಬಂದಿದ್ದೇವೆ, ಸ್ನೇಹಿತರು ಏನೆಂದುಕೊಳ್ಳುತ್ತಾರೆ" ಎಂಬ ಯೋಚನೆ ಬರುತ್ತದೆ. ಏಸಾವನ ನಾನೂರು ಜನರ ಮುಂದೆ ನಿಂತ ಯಕೋಬನಿಗೂ ನಾಚಿಕೆಯಾಗಿರಬಹುದು. ಆದರೂ ಅವನು ತನ್ನ ಮಕ್ಕಳ ಕಾಲುಗಳನ್ನು ನೋಡಿದನು, ಅಣ್ಣನ ಸೈನ್ಯವನ್ನು ನೋಡಲಿಲ್ಲ. ಗುಂಪನ್ನು ಮುಂದೆ ಕಳುಹಿಸಿ ತಾನು ಹಿಂದೆ ಉಳಿಯಬಲ್ಲ ತಂದೆಯೇ ನಿಜವಾದ ಧೈರ್ಯವಂತ. ಮರಳುಗಾಡು ಮುಂದಿನ ವಾರವೂ ಅಲ್ಲೇ ಇರುತ್ತದೆ.

ಊರಿನಲ್ಲಿರುವ ಅಮ್ಮಂದಿರೇ, ಮುಂದಿನ ಸಲ ಮಗ ಫೋನ್ ಮಾಡಿದಾಗ "ಹೋಗಬೇಡ" ಎನ್ನಬೇಡಿ. "ಎಷ್ಟು ನೀರು ಒಯ್ಯುತ್ತೀ? ಎಷ್ಟು ಗಾಡಿ? ಚೀಟಿ ಯಾರ ಹತ್ತಿರ ಕೊಟ್ಟಿದ್ದೀ?" ಎಂದು ಕೇಳಿ. ಉತ್ತರ ಸರಿಯಿದ್ದರೆ ಆಶೀರ್ವದಿಸಿ ಕಳುಹಿಸಿ.

ಮನೆಯಲ್ಲಿ ಕೂಡಿ ಆಲೋಚಿಸಲು

1. ನಮ್ಮ ಕುಟುಂಬದ ಪ್ರಯಾಣಗಳನ್ನು ಯಾರ ಅನುಕೂಲ ನೋಡಿ ನಿರ್ಧರಿಸುತ್ತೇವೆ? ಚಿಕ್ಕವರದೋ, ದೊಡ್ಡವರದೋ?

2. ಇತರರು ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆಯಿಂದ ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ಸಂದರ್ಭ ನಮ್ಮ ಮನೆಯಲ್ಲಿ ಇದೆಯೇ?

3. ದಾರಿ ತಪ್ಪಿದರೆ ಏನು ಮಾಡಬೇಕೆಂದು ನಮ್ಮ ಮಕ್ಕಳಿಗೆ ಗೊತ್ತಿದೆಯೇ? ಇಂದು ಸಂಜೆಯೇ ಅವರನ್ನು ಕೇಳಿ ನೋಡಿ.